ದುಂಡಪ್ಪನ ಸೆಟ್ಟಿಗೆ ಹೊಸ ಆಂಟೆನಾ

ದುಂಡಪ್ಪನಿಗೆ ಕಿವಿ ಕೇಳಿಸಲ್ಲ ಅನ್ನೋದು ನನಗೆ ಗೊತ್ತಾಗಿದ್ದು ಟೀ ಮಾಡ್ತಾ ಇದ್ದಾಗ. ಅವನಿಗೆ ಬೆನ್ನು ಹಾಕ್ಕೊಂಡು ನಿಂತಿದ್ದೆ. "ದುಂಡಪ್ಪಣ್ಣ, ಇವತ್ತು ಬುತ್ತಿ ತಂದಿಲ್ವಾ?" ಅಂದೆ. ಉತ್ತರ ಇಲ್ಲ. "ಚಿತ್ರಾನ್ನ ಕಟ್ಟಿಕೊಡ್ಲಾ?" ಅದಕ್ಕೂ ಇಲ್ಲ. ನನಗೆ ಸಿಟ್ಟು ಮೂಗಿನ ತುದೀಲಿರುತ್ತೆ. ಸೌಟು ಹಿಡ್ಕೊಂಡೇ ತಿರುಗಿ, "ಏನ್ರೀ, ಬಾಯಲ್ಲಿ ಕಡುಬು ಇಟ್ಕೊಂಡಿದ್ದೀರಾ?" ಅಂತ ಕೇಳ್ದೆ. ನನ್ನ ಬಾಯಿ ನೋಡ್ಕೊಂಡು ನಕ್ಕು, "ಇಲ್ರಿ, ಹಂಗೇನಿಲ್ರಿ" ಅಂದ. ಅನುಮಾನ ಬಂತು. ಮಾರನೇ ದಿನ ಬೇಕಂತಲೇ ಬೆನ್ನು ತಿರುಗಿಸಿ, "ದುಂಡಪ್ಪಣ್ಣ, ನಿಮ್ಮ ಅಂಗಿಗೆ ಬೆಂಕಿ ಹತ್ಕೊಂಡಿದೆ" ಅಂದೆ. ಆ ಮಹಾರಾಯ ಊದಿ ಊದಿ ಟೀ ಕುಡೀತಾನೇ ನಿಂತಿದ್ದ.

ನಗು ಬಂತು ಮೊದಲು. ಆಮೇಲೆ ತಲೆ ಎತ್ತಿ ಕ್ರೇನ್ ನೋಡ್ದೆ ನೋಡಿ, ನಗು ಅಲ್ಲೇ ಆರಿಹೋಯ್ತು.

ಯಾಕೆ ಅಂತ ಹೇಳ್ಬೇಕಂದ್ರೆ ಜಾಗ ಹೇಳ್ಬೇಕು. ಮಾಗಡಿ ರೋಡಲ್ಲಿ ಕಾಮಾಕ್ಷಿಪಾಳ್ಯ ದಾಟಿದ ಮೇಲೆ, ಮುಚ್ಚಿಹೋದ ಒಂದು ಕಾರ್ಖಾನೆ ಜಾಗದಲ್ಲಿ ಅಪಾರ್ಟ್‌ಮೆಂಟ್ ಏಳ್ತಾ ಇದೆ. ಆ ಗೇಟಿನ ಒಳಗೇ ನನ್ನ ಟೀ ಗಾಡಿ. ಒಳಗೆ ಜಾಗ ಕೊಡ್ಸಿದ್ದು ನನ್ನ ಗಂಡ ಯೋಗಾನಂದ, ಅವರು ಅಲ್ಲಿ ಸ್ಟೋರ್‌ಕೀಪರ್. ಗಾಡಿಯಿಂದ ಕೂಗಿದ್ರೆ ಕೇಳೋಷ್ಟು ದೂರದಲ್ಲಿ ಅವರ ತಗಡಿನ ಶೆಡ್ಡು. ಎರಡಕ್ಕೂ ಮಧ್ಯೆ ಲಾರಿಗಳು ಬಂದು ಮಾಲು ಇಳಿಸೋ ಬಯಲು. ಆ ಬಯಲಲ್ಲಿ ನಿಂತ್ಕೊಂಡು ಕ್ರೇನಿಗೆ ಮಾತು ಹೇಳೋನು ದುಂಡಪ್ಪ.

ಆ ಕ್ರೇನಿನ ನೆತ್ತಿ ಮೇಲೆ ಗೂಡಿನಂಥ ಒಂದು ಗಾಜಿನ ಕೋಣೆ ಇದೆ. ಅದರಲ್ಲಿ ಕೂತು ನಡೆಸೋನು ಅಮರೇಶ, ದುಂಡಪ್ಪನ ಅಕ್ಕನ ಮಗ. ಅಷ್ಟೆತ್ತರದಿಂದ ಅವನಿಗೆ ಕೆಳಗಿನೋರು ಇರುವೆ ಥರ ಕಾಣ್ತಾರೆ. ಅದಕ್ಕೇ ಇಬ್ಬರ ಹತ್ರನೂ ಒಂದೊಂದು ಸೆಟ್. ಪೊಲೀಸ್ರ ಕೈಯಲ್ಲಿರುತ್ತಲ್ಲ, ಆ ವಾಕಿಟಾಕಿ. ಬಟನ್ ಒತ್ತಿದ್ರೆ ನಾವು ಮಾತಾಡಬಹುದು, ಬಿಟ್ರೆ ಅವರದ್ದು ಕೇಳುತ್ತೆ. "ಮ್ಯಾಲೆ... ಇನ್ನೂ ಮ್ಯಾಲೆ... ನಿಂದ್ರು... ಸಾವಕಾಶ ಇಳಸು" ಅಂತ ಬೆಳಿಗ್ಗೆಯಿಂದ ಸಾಯಂಕಾಲದವರೆಗೂ ದುಂಡಪ್ಪ ಮಾತಾಡ್ತಾನೇ ಇರೋನು. ಒಂದೊಂದು ಸಲ ಮೇಲೆ ತೂಗೋ ಕಬ್ಬಿಣ ಒಂದು ಕಾರಿನಷ್ಟು ಭಾರ. ಅದರ ಕೆಳಗೆ ನೂರಾರು ತಲೆ. ಅದರಲ್ಲಿ ಒಂದು ತಲೆ ನನ್ನ ಗಂಡಂದು.

ಅಲ್ಲಿ ಮಾತಾಡೋನಿಗೇ ಕಿವಿ ಇಲ್ಲ. ಹೊಟ್ಟೇಲಿ ಬೆಂಕಿ ಬೀಳಲ್ವಾ?

ಸಂಜೆ ಅವನು ಹೆಲ್ಮೆಟ್ ತೆಗೆದು ಬಂದಾಗ ಎದುರಿಗೇ ನಿಂತು ಕೇಳೇಬಿಟ್ಟೆ. "ಕಿವಿ ಯಾವಾಗಿಂದ ಹೋಗಿದೆ?" ಅವನು ಸುತ್ತ ನೋಡ್ದ. ಮುಖ ಬೆಳ್ಳಗಾಗೋಯ್ತು. "ಮೆಲ್ಲಗ ಮಾತಾಡವ್ವ" ಅಂದ. ಕಿವಿ ಕೇಳದೋನು ನನಗೆ ಮೆಲ್ಲಗೆ ಮಾತಾಡು ಅಂತಾನೆ ನೋಡಿ!

ಅವತ್ತು ಎಲ್ಲಾ ಹೇಳ್ದ. ಲಿಂಗಸುಗೂರಿನ ಕಡೆಯೋನು. ಮೀಸೆ ಬರೋ ಮೊದಲೇ ಕಲ್ಲಿನ ಕ್ವಾರಿಗೆ ಸೇರಿದ್ದಂತೆ, ಬಂಡೆಗೆ ತೂತು ಕೊರೆಯೋ ಮಷೀನು. ಹತ್ತು ಹನ್ನೆರಡು ವರ್ಷ ಆ ಮಷೀನನ್ನ ಮಗುನ ಎತ್ಕೊಂಡಂಗೆ ಎದೆಗೆ ಒತ್ಕೊಂಡು ನಿಂತಿದ್ದಾನೆ. ರಾತ್ರಿ ಮಲಗಿದ್ರೂ ಕಿವೀಲಿ ಜೀರುಂಡೆ ಕೂಗಿದಂಗೆ ಆಗೋದಂತೆ. ಆಮೇಲೆ ಹೆಂಡತಿ ಭಾಗವ್ವನ್ನ ಕರ್ಕೊಂಡು ಬೆಂಗಳೂರಿಗೆ ಬಂದ, ಹೆಗ್ಗನಹಳ್ಳೀಲಿ ಒಂದು ಕೋಣೆ. ಇಲ್ಲೂ ಸಿಕ್ಕಿದ್ದು ಕಾಂಕ್ರೀಟ್ ಒಡೆಯೋ ಮಷೀನೇ. ಅಲ್ಲಿಂದ ಹಗ್ಗ ಕಟ್ಟೋ ಕೆಲಸ. ಕ್ರೇನಿನ ಕೊಕ್ಕೆಗೆ ಮಾಲು ಕಟ್ಟೋದ್ರಲ್ಲಿ ಅವನ ಕೈ ಸುಳ್ಳು ಹೇಳಲ್ಲ ಅಂತ ಎಲ್ಲರೂ ಅಂತಾರೆ. ಅದನ್ನ ನೋಡೇ ಒಬ್ಬ ಎಂಜಿನಿಯರ್ ಅವನ ಕೈಗೆ ಸೆಟ್ ಕೊಟ್ಟಿದ್ದು. ಸೆಟ್ ಹಿಡ್ಕೊಂಡ ಫೋಟೋ ಇವತ್ತಿಗೂ ಅವರ ಮನೇಲಿ ದೇವರ ಪಟದ ಪಕ್ಕ ಇದೆ. ಭಾಗವ್ವನೇ ಕಟ್ಟು ಹಾಕ್ಸಿದ್ದು.

ಅಮರೇಶನಿಗೆ ಅಪ್ಪ ಅಮ್ಮ ಇಬ್ಬರೂ ಇಲ್ಲ. ದುಂಡಪ್ಪನೇ ಸಾಕಿ, ಕ್ರೇನ್ ಕಲಿಸಿ, ಮೇಲೆ ಹತ್ತಿಸ್ದ. ಅದಕ್ಕೇ ಅಮರೇಶನಿಗೆ ಮಾವನ ಕಿವಿ ವಿಷಯ ಮೊದಲೇ ಗೊತ್ತು. ಇಬ್ಬರೂ ಸೇರಿ ಒಂದು ಉಪಾಯ ಮಾಡ್ಕೊಂಡಿದ್ರು. ದುಂಡಪ್ಪ ಸೆಟ್ಟಲ್ಲಿ ಮಾತಾಡೋದು. ಅಮರೇಶ ಸೆಟ್ಟಲ್ಲಿ ಉತ್ತರ ಕೊಡೋ ಬದಲು ಕ್ರೇನಿನ ಹಾರ್ನ್ ಹೊಡೆಯೋದು. ಒಂದು ಹಾರ್ನ್ ಅಂದ್ರೆ ಹೂಂ. ಎರಡು ಹಾರ್ನ್ ಅಂದ್ರೆ ಬೇಡ. ದಪ್ಪ ಸದ್ದು ದುಂಡಪ್ಪನಿಗೆ ಕೇಳುತ್ತೆ, ಮಾತೇ ಕೇಳಿಸಲ್ಲ. ಯಾರಾದ್ರೂ ಯಾಕೆ ಹಾರ್ನ್ ಅಂದ್ರೆ, "ಸೆಟ್ ಖರಖರ ಅಂತೈತ್ರಿ, ಆಂಟೆನಾ ಸರಿ ಇಲ್ರಿ" ಅನ್ನೋದು. ಸ್ವಲ್ಪ ಖರಖರ ನಿಜವಾಗಿಯೂ ಇತ್ತು. ಹಾಗಾಗಿ ಯಾರೂ ಅನುಮಾನ ಪಡಲಿಲ್ಲ.

"ಕಿವಿಗೆ ಮಷೀನ್ ಹಾಕ್ಕೋಬಾರ್ದಾ?" ಅಂದೆ.

"ಒಬ್ಬರದು ಹಾಕ್ಕೊಂಡು ನೋಡೀನವ್ವ. ಹೆಲ್ಮೆಟ್ ಇಟ್ಟರ ಕುಕ್ಕರ್ ಹಂಗ ಸೀಟಿ ಹೊಡಿತೈತಿ. ಮತ್ತ ಅದನ್ನ ಕಂಡ ಕೂಡ್ಲೇ ಸೆಟ್ ಕಸಗೊಂತಾರ. ಸೆಟ್ ಹೋದ್ರ ನಾ ಏನು? ಈ ವಯಸ್ಸಿನಾಗ ಮತ್ತ ಬುಟ್ಟಿ ಹೊರಬೇಕು." ಹೆಲ್ಮೆಟ್ ಪಟ್ಟಿ ತಿರುವುತ್ತಾ ಅಂದ, "ನಂದು ಹೋಗ್ಲಿ. ಗೊತ್ತಿದ್ದೂ ಮುಚ್ಚಿಟ್ಟ ಅಂತ ಅಮರೇಶನ್ನೂ ಇಳಸ್ತಾರ. ಆ ಮ್ಯಾಲೆ ಯಾವ ಕ್ರೇನಿಗೂ ಹತ್ತಸೂದಿಲ್ಲ ಅವನ್ನ."

ನನಗೆ ಪಾಪ ಅನ್ನಿಸ್ತು, ಸಿಟ್ಟೂ ಬಂತು. ಎರಡೂ ಒಟ್ಟಿಗೆ ಬಂದ್ರೆ ನಾನು ಬೈತೀನಿ, ಬೈದೆ. "ನಾಳೆ ಯಾರದ್ದಾದ್ರೂ ತಲೆ ಒಡೆದ್ರೆ ನಿಮ್ಮ ಫೋಟೋಗೆ ಹೂ ಹಾಕ್ಕೊಂಡು ಕೂತ್ಕೋತೀರಾ? ನೀವೇ ಎಂಜಿನಿಯರ್ ಹತ್ರ ಹೇಳಿ. ಇಲ್ಲಾಂದ್ರೆ ನಮ್ಮನೆಯವರಿಗೆ ನಾನೇ ಹೇಳ್ತೀನಿ." ಅವನು ಕೈ ಮುಗಿದ. ನನಗಿಂತ ಎಷ್ಟೋ ದೊಡ್ಡೋನು, ನನಗೆ ಕೈ ಮುಗೀತಾನೆ. ಥೂ, ಎಂಥ ಗ್ರಹಚಾರ ಅನ್ನಿಸ್ತು.

ಅವನು ಹೇಳೋ ಮೊದಲೇ ಹಾರ್ನ್ ರಗಳೆ ಶುರುವಾಯ್ತು. ಸೈಟಿನ ಹಿಂದಿನ ಮನೆ ವೆಂಕಟಸ್ವಾಮಿ ಅಂತ, ರಿಟೈರ್ಡು. ಬಿಪಿ ಇದೆ. ದಿನಾ ಬಾಲ್ಕನೀಲಿ ನಿಂತು ಕಿವಿ ಮುಚ್ಕೊಂಡು ಕೂಗಾಡೋರು. ಒಂದಿನ ಬನಿಯನ್ನಲ್ಲೇ ಗೇಟಿಗೆ ಬಂದು, "ಇದೇನು ಸೈಟಾ, ಇಲ್ಲ ಬಸ್ ಸ್ಟ್ಯಾಂಡಾ?" ಅಂತ ನಮ್ಮ ಎಂಜಿನಿಯರ್ ಶ್ರೀರಾಮ್ ಸಾರ್ ಮೇಲೆ ಹರಿಹಾಯ್ದರು. ಶ್ರೀರಾಮ್ ಸಾರ್ ಇನ್ನೂ ಹುಡುಗ, ಒಳ್ಳೆಯೋನೇ. ಆದ್ರೆ ಯಾರಾದ್ರೂ ಜೋರು ಮಾಡಿದ್ರೆ ತಕ್ಷಣ ಒಂದು ಆರ್ಡರ್ ಹೊರಡಿಸ್ತಾನೆ. "ಇನ್ಮೇಲೆ ಅಪಾಯ ಬಿಟ್ರೆ ಹಾರ್ನ್ ಇಲ್ಲ. ಏನಿದ್ರೂ ಸೆಟ್ಟಲ್ಲೇ ಮಾತಾಡಿ. ಯೋಗಾನಂದ, ದುಂಡಪ್ಪನ ಸೆಟ್ಟಿಗೆ ಒಳ್ಳೆ ಆಂಟೆನಾ ಹಾಕ್ಸಿ" ಅಂದ.

ನನ್ನ ಗಂಡನಿಗೆ ಹಬ್ಬ. ಆ ಮನುಷ್ಯನಿಗೆ ಮಿಕ್ಸಿ ಕೆಟ್ರೂ ಸಂತೋಷ, ಬಿಚ್ಚಬಹುದಲ್ಲ ಅಂತ. ಸೆಟ್ ಮನೆಗೇ ತಂದು ಊಟದ ತಟ್ಟೆ ಪಕ್ಕ ಇಟ್ಕೊಂಡ್ರು. ಅದರ ತಲೆ ಮೇಲೆ ಹೆಬ್ಬೆರಳಿನಷ್ಟು ಮೊಂಡು ರಬ್ಬರ್ ಆಂಟೆನಾ. "ಜೇಬಲ್ಲಿ ಇಟ್ಕೊಳ್ಳೋಕೆ ಇದು ಚೆಂದ ಕಣೇ, ಕೆಲಸಕ್ಕೆ ಅಲ್ಲ. ಸುತ್ತ ಕಬ್ಬಿಣ ಕಾಂಕ್ರೀಟ್ ಇದ್ರೆ ಉದ್ದದ್ದು ಬೇಕು" ಅಂದ್ರು.

"ಹಂಗಾದ್ರೆ ಒಂದು ಕೊಡೆ ಕಡ್ಡಿ ಚುಚ್ಚಿ" ಅಂದೆ.

"ಉದ್ದ ಇದ್ರೆ ಸಾಲದಮ್ಮಾ. ಸೆಟ್ ಯಾವ ಫ್ರೀಕ್ವೆನ್ಸೀಲಿ ಮಾತಾಡುತ್ತೋ ಅದಕ್ಕೆ ಹೊಂದೋದೇ ಆಗ್ಬೇಕು. ಹೊಂದದೇ ಇರೋದು ಹಾಕಿದ್ರೆ ಇರೋದೂ ಕೆಡುತ್ತೆ. ತಿರುಪು ಬೇರೆ ಕೂರಬೇಕು, ಗಂಡು ಹೆಣ್ಣು ಅಂತ ಇರುತ್ತೆ ಅದರಲ್ಲಿ."

"ಜಾತಕ ಬೇರೆ ನೋಡ್ಬೇಕಾ?" ಅಂತ ರೇಗಿಸ್ದೆ. ನಕ್ಕರು. ನನಗೆ ಮಾತ್ರ ಒಳಗೆ ನಗು ಇರಲಿಲ್ಲ.

ವಿಜಯನಗರಕ್ಕೆ ಹೋಗಿ ಒಂದು ತಂದ್ರು, ತಿರುಪು ಕೂರಲಿಲ್ಲ. ಮತ್ತೆ ಹೋಗಿ ಅಂಗಡಿಯೋನ ತಲೆ ತಿಂದು ಇನ್ನೊಂದು ತಂದ್ರು. ಭಾನುವಾರ ಪೂರ್ತಿ ಅದೇ. ಗೇಣು ಮೀರಿದ ಉದ್ದ, ಬೆರಳಿಂದ ತಟ್ಟಿದ್ರೆ ಬಳುಕೋದು. ಸ್ಟೋರಿಂದ ತಂದಿದ್ದ ಇನ್ನೊಂದು ಸೆಟ್ ನನ್ನ ಕೈಗೆ ಕೊಟ್ಟು ರೋಡ್ ಕೊನೆಗೆ ಕಳಿಸಿದ್ರು, ತಾವು ಮನೆ ಒಳಗೆ ಬಚ್ಚಲಲ್ಲಿ ಬಾಗಿಲು ಹಾಕ್ಕೊಂಡು, "ಹಲೋ ಕುಸುಮಾ, ಕೇಳ್ತಾ?" ಅಂದ್ರು. ಪಕ್ಕದಲ್ಲಿ ನಿಂತು ಹೇಳಿದಂಗಿತ್ತು. ಉಸಿರು ಬಿಟ್ಟಿದ್ದೂ ಕೇಳ್ತಿತ್ತು.

ಅವತ್ತು ಊಟಕ್ಕೆ ಕೂತಾಗ ಹೇಳೇಬಿಟ್ಟೆ. "ರೀ, ಕೆಟ್ಟಿರೋದು ಆಂಟೆನಾ ಅಲ್ಲ. ದುಂಡಪ್ಪನ ಕಿವಿ."

ತಟ್ಟೆಯಿಂದ ತಲೆ ಎತ್ತಲಿಲ್ಲ. "ಏನೋ ಹೇಳ್ಬೇಡ. ಖರಖರ ನಾನೇ ಕೇಳಿದ್ದೀನಿ. ನಾಳೆ ನೋಡು, ಹಾಕಿದ ತಕ್ಷಣ ಹೆಂಗೆ ಕೇಳುತ್ತೆ."

"ಅಯ್ಯೋ, ನೀವು ತಂತಿ ಹಾಕಿದ್ರೆ ಕಿವುಡನಿಗೆ ಕಿವಿ ಬರುತ್ತೇನ್ರೀ?"

"ಎರಡು ದಿನ ಅಲೆದು ತಂದಿದ್ದೀನಿ ಕಣೇ, ಹಾಕೋ ಮೊದಲೇ ಅಪಶಕುನ ನುಡೀಬೇಡ" ಅಂದ್ರು. ಅವರಿಗೆ ನಾನು ದುಂಡಪ್ಪನ ವಿಷಯ ಹೇಳ್ತಿರೋದು ಅನ್ನಿಸಲೇ ಇಲ್ಲ. ಅವರ ಆಂಟೆನಾನ ಬೈದೆ ಅನ್ಕೊಂಡ್ರು. ಗಂಡಸರಿಗೆ ತಾವು ಬಿಚ್ಚಿ ಜೋಡಿಸಿದ ವಸ್ತು ಹೆತ್ತ ಮಗು ಇದ್ದಂಗೆ, ಏನೂ ಅನ್ನೋ ಹಾಗಿಲ್ಲ.

ಸೋಮವಾರ ಬೆಳಿಗ್ಗೆ ನನ್ನ ಗಾಡಿ ಮುಂದೇನೇ ಪರೀಕ್ಷೆ. ಶ್ರೀರಾಮ್ ಸಾರ್ ಟೀ ಹಿಡ್ಕೊಂಡು ನಿಂತಿದ್ದ. ನಮ್ಮನೆಯವರು ದುಂಡಪ್ಪನ ಕೈಗೆ ಸೆಟ್ ಕೊಟ್ಟು, ಅಮರೇಶನಿಗೆ ಮಾತಾಡೋಕೆ ಕೈ ಬೀಸಿದ್ರು. ಮೇಲಿಂದ "ಮಾವ, ಚಾ ಆತೇನು?" ಅಂತ ಗಂಟೆ ಹೊಡೆದಂಗೆ ಬಂತು. ದುಂಡಪ್ಪ ಸೆಟ್ಟನ್ನ ಕಿವಿ ಹತ್ರ ತಗೊಂಡು ಹೋಗಲಿಲ್ಲ, ಮುಖದ ಮುಂದೆ ಹಿಡ್ಕೊಂಡು ಅದನ್ನೇ ನೋಡ್ತಿದ್ದ. ಎಲ್ಲರೂ ಹೊಸ ಆಂಟೆನಾ ನೋಡ್ತಿದ್ದಾನೆ ಅನ್ಕೊಂಡ್ರು. ಶ್ರೀರಾಮ್ ಸಾರ್ "ಹೆಂಗಿದೆ ದುಂಡಪ್ಪ?" ಅಂದ. "ಭಾಳ ಚಲೋ ಐತ್ರಿ ಸಾರ್! ಇನ್ನ ಏನೂ ತೊಂದ್ರಿ ಇಲ್ರಿ" ಅಂತ ಹಲ್ಲು ಬಿಟ್ಟ. ನಮ್ಮನೆಯವರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ್ರು.

ಅವನು ನೋಡ್ತಿದ್ದಿದ್ದು ಆಂಟೆನಾನ ಅಲ್ಲ. ಸೆಟ್ಟಿನ ತಲೆ ಮೇಲೆ ಒಂದು ಚಿಕ್ಕ ಹಸಿರು ಲೈಟ್ ಇದೆ, ಆ ಕಡೆಯಿಂದ ಮಾತು ಬಂದಾಗ ಅದು ಹತ್ಕೊಳ್ಳುತ್ತೆ. ಹಾರ್ನ್ ಹೋಯ್ತಲ್ಲ, ಮಾವ ಅಳಿಯ ಅದರ ಜಾಗಕ್ಕೆ ಲೈಟ್ ತಂದಿದ್ರು. ಅಮರೇಶ ಬಟನ್ ಒಂದು ಸಲ ಒತ್ತಿ ಬಿಟ್ರೆ ಹೂಂ, ಎರಡು ಸಲ ಒತ್ತಿದ್ರೆ ಬೇಡ. ಗುಟ್ಟು ಬಿಡಿಸಿಕೊಳ್ಳೋಕೆ ನನಗೆ ಒಂದು ಬೆಳಿಗ್ಗೆ ಸಾಕಾಯ್ತು. ಮಧ್ಯಾಹ್ನ ಅವನನ್ನ ಹಿಡ್ಕೊಂಡು ಝಾಡಿಸ್ದೆ. "ಹೂಂ, ಬೇಡ, ಇಷ್ಟರಲ್ಲೇ ನಡೆಯುತ್ತೇನ್ರೀ ಪ್ರಪಂಚ? ಮೂರನೇ ಮಾತು ಹೇಳೋದಿದ್ರೆ ಆ ಹುಡುಗ ಏನ್ ಮಾಡ್ಬೇಕು?" ಅವನು ತಲೆ ತಗ್ಗಿಸ್ದ. "ಈ ವಾರ ಮುಗೀಲವ್ವ. ಸ್ಲ್ಯಾಬ್ ಆಗ್ಲಿ. ನಾನ ಹೋಗಿ ಹೇಳ್ತೀನಿ, ಭಾಗವ್ವನ ಆಣಿ" ಅಂದ.

ಆ ವಾರ ನಾನು ಟೀ ಕಾಯಿಸಿದ್ದು ಹೆಂಗೋ ಏನೋ. ಹಾಲು ಉಕ್ಕಿದ್ರೂ ಕಣ್ಣು ಮೇಲೇ. ನಮ್ಮನೆಯವರು ಶೆಡ್ಡಿಂದ ಆಚೆ ಬಂದ್ರೆ "ಒಳಗೆ ಹೋಗ್ರೀ, ಬಿಸಿಲು" ಅಂತ ಕೂಗೋದು. "ಏನೇ ಇದ್ದಕ್ಕಿದ್ದಂಗೆ ಪ್ರೀತಿ?" ಅಂತ ಅವರು ಹಲ್ಲು ಕಿರಿಯೋದು. ಮೈ ಉರಿಯೋದು ನನಗೆ.

ಆ ಮೂರನೇ ಮಾತು ಬಂದಿದ್ದು ಗುರುವಾರ, ಊಟದ ಹೊತ್ತು ಮುಗಿದ ಮೇಲೆ.

ಲಾರಿಯಿಂದ ಕಬ್ಬಿಣದ ಪೈಪುಗಳ ಒಂದು ದೊಡ್ಡ ಕಂತೆ ಎತ್ತುತ್ತಾ ಇದ್ರು. ಕಂತೆ ಕಟ್ಟಿದ್ದು ದುಂಡಪ್ಪ ಅಲ್ಲ, ಲಾರಿ ಜೊತೆ ಬಂದೋರು. ಎತ್ತಿ, ಶೆಡ್ಡಿನ ಮೇಲಿಂದ ಕಟ್ಟಡದ ಕಡೆ ತಿರುಗಿಸಬೇಕು. ಶೆಡ್ಡಿನ ಬಾಗಿಲ ನೆರಳಲ್ಲಿ ಕಂಬಿ ಕಟ್ಟೋ ನಾಲ್ಕೈದು ಜನ ಕೂತಿದ್ರು. ನಮ್ಮನೆಯವರು ಅವರ ಹತ್ರ ನಿಂತು, ದೇವರಾಣೆ, ಆಂಟೆನಾ ವಿಷಯನೇ ಹೇಳ್ತಾ ಇದ್ರು. ಶ್ರೀರಾಮ್ ಸಾರ್ ನನ್ನ ಗಾಡಿ ಹತ್ರ ಬನ್ ತಿಂತಾ ಇದ್ದ.

ಕಂತೆ ಅರ್ಧ ದಾರೀಲಿ ನಿಂತುಬಿಡ್ತು. ಮೇಲಿಂದ ಹಾರ್ನ್ ಶುರುವಾಯ್ತು. ಒಂದಲ್ಲ, ಎರಡಲ್ಲ. ಬಿಡದೆ ಹೊಡೀತಾ ಇದ್ದ.

ಯಾರೂ ತಲೆ ಎತ್ತಲಿಲ್ಲ. ಅಪಾಯಕ್ಕೆ ಅಂತ ಇಟ್ಟಿರೋ ಹಾರ್ನನ್ನ ಆ ಮಾವ ಅಳಿಯ ತಿಂಗಳುಗಟ್ಟಲೆ ಹರಟೆ ಹೊಡೆಯೋಕೆ ಬಳಸಿದ್ರು. ಸೈಟಲ್ಲಿ ಯಾರಿಗೆ ಅದರ ಭಯ ಉಳಿದಿತ್ತು? "ಮತ್ತೆ ಶುರು ಹಚ್ಕೊಂಡ್ರಲ್ಲಪ್ಪ" ಅಂತ ಕಂಬಿ ಕಟ್ಟೋನೊಬ್ಬ ನಕ್ಕ. ಶ್ರೀರಾಮ್ ಸಾರ್ ಕೂಡ "ಹಾರ್ನ್ ಬೇಡ ಅಂದಿದ್ನಲ್ಲ ಇವನಿಗೆ" ಅಂತ ಸಿಡುಕ್ದ.

ಗಾಬರಿಯಾಗಿದ್ದು ದುಂಡಪ್ಪ ಒಬ್ಬನೇ. ಮೇಲೆ ನೋಡ್ದ. ಕೆಳಗಿಂದ ಕಂತೆ ಸರಿಯಾಗೇ ಕಾಣ್ತಿತ್ತು. ಸೆಟ್ ನೋಡ್ದ. ಹಸಿರು ಲೈಟ್ ಹತ್ತಿದ್ದು ಆರ್ತಾನೇ ಇಲ್ಲ. ಅಮರೇಶ ಏನೋ ಹೇಳ್ತಾ ಇದ್ದಾನೆ, ಬಿಡದೆ ಹೇಳ್ತಾ ಇದ್ದಾನೆ. ದುಂಡಪ್ಪ ಸೆಟ್ಟನ್ನ ಕಿವಿಗೆ ಒತ್ಕೊಂಡ. ಈ ಕಿವಿಗೆ, ಆ ಕಿವಿಗೆ. ಆ ಮುಖ ನಾನು ಮರೆಯಲ್ಲ.

ಆಮೇಲೆ ಓಡಿ ಬಂದ. ನನ್ನ ಗಾಡಿ ಹತ್ರಕ್ಕೆ, ಶ್ರೀರಾಮ್ ಸಾರ್ ಕಣ್ಣೆದುರಿಗೇ ಬಂದ. ಸೆಟ್ಟನ್ನ ನನ್ನ ಮುಖಕ್ಕೆ ಹಿಡಿದು ಇಡೀ ಸೈಟಿಗೆ ಕೇಳೋ ಹಂಗೆ ಕೂಗ್ದ. "ಕುಸುಮವ್ವ, ಏನಂತಾನ ಹೇಳವ್ವ! ನನಗ ಕಿವಿ ಕೇಳಸೂದಿಲ್ಲ! ನನಗ ಕೇಳಸೂದಿಲ್ಲ!"

ಸೆಟ್ಟಲ್ಲಿ ಅಮರೇಶನ ಮಾತು ನೀರು ಸುರಿದಂಗೆ ಬರ್ತಿತ್ತು, ಒಂದಕ್ಷರ ಮುಕ್ಕಾಗದೆ. "ಹಗ್ಗ ಜಾರಾಕತ್ತೈತಿ, ಶೆಡ್ಡಿನ ಕಡೆ ಬೀಳ್ತೈತಿ, ಶೆಡ್ಡಿನ ಮುಂದಿನವರನ್ನ ಸರಸು ಮಾವ, ಸರಸು ಮಾವ..."

ನನಗೆ ದೇವರು ಗಂಟಲು ಕೊಟ್ಟಿರೋದು ಆ ಒಂದು ಗಳಿಗೆಗೇ ಅಂತ ಕಾಣುತ್ತೆ. "ರೀ! ಓಡ್ರೀ! ಗೇಟ್ ಕಡೆ ಓಡ್ರೋ ಎಲ್ಲಾ!" ಅಂತ ಬಾಯಿ ಬಡ್ಕೊಂಡೆ. ನಮ್ಮನೆಯವರು ನನ್ನ ಎಲ್ಲ ಥರದ ಕೂಗೂ ಕೇಳಿದ್ದಾರೆ, ಇದು ಬೇರೆ ಅಂತ ಅವರಿಗೆ ತಿಳೀತು. ಇಬ್ಬರ ರಟ್ಟೆ ಹಿಡಿದು ಎಳ್ಕೊಂಡೇ ಓಡಿದ್ರು. ಮಿಕ್ಕೋರು ಹಿಂದೆ ಓಡಿದ್ರು. ಪೈಪುಗಳು ಒಂದರ ಹಿಂದೊಂದು ಜಾರಿ ಶೆಡ್ಡಿನ ಮೇಲೆ ಬಿದ್ವು. ತಗಡು ಹಪ್ಪಳ ಆಗೋಯ್ತು. ನಮ್ಮನೆಯವರು ನಿಂತಿದ್ದ ಜಾಗದಲ್ಲಿ ಒಂದು ಪೈಪು ನೆಟ್ಟಗೆ ನೆಲಕ್ಕೆ ಇಳಿದಿತ್ತು. ಒಬ್ಬ ಹುಡುಗನ ಹಿಮ್ಮಡಿ ತರಚಿತ್ತು, ಅಷ್ಟೇ. ನಾನು ಗಂಡನ್ನ ತಬ್ಕೊಂಡು, ತಬ್ಕೊಂಡೇ ಎರಡು ಏಟು ಹಾಕ್ದೆ. "ಹೇಳಿರ್ಲಿಲ್ವಾ ನಾನು? ಹೇಳಿರ್ಲಿಲ್ವಾ?" ಅಂತ ಅತ್ತೆ.

ಧೂಳು ಇಳಿದ ಮೇಲೆ ಎಲ್ಲರ ಕಣ್ಣೂ ದುಂಡಪ್ಪನ ಮೇಲೆ. ಅವನು ನನ್ನ ಗಾಡಿ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಶ್ರೀರಾಮ್ ಸಾರ್ ಬಂದು ಎದುರಿಗೆ ನಿಂತ. ಕೂಗಾಡಲಿಲ್ಲ, ಕೂಗಾಡಿದ್ರೇ ಚೆನ್ನಾಗಿತ್ತು. "ಎಷ್ಟು ದಿನದಿಂದ?" ಅಂದ. ದುಂಡಪ್ಪ ಬಾಯಿ ನೋಡಿ ತಿಳ್ಕೊಂಡು, "ಭಾಳ ದಿನಾ ಆತ್ರಿ ಸಾರ್" ಅಂದ.

"ಅಮರೇಶನಿಗೆ ಗೊತ್ತಿತ್ತಾ?"

ದುಂಡಪ್ಪ ಎದ್ದು ನಿಂತ. "ಇಲ್ರಿ. ಅವಗೂ ಸುಳ್ಳು ಹೇಳೀನ್ರಿ. ಸೆಟ್ ಕೆಟ್ಟೈತಿ, ಹಾರ್ನ್ ಹೊಡಿ ಅಂತ ನಾನ ಹೇಳೀನಿ. ಹುಡುಗ ಪಾಪ, ಮಾವ ಹೇಳಿದ್ದು ಕೇಳ್ಯಾನ. ಅವಂದೇನೂ ತಪ್ಪಿಲ್ರಿ." ಶ್ರೀರಾಮ್ ಸಾರ್ ನನ್ನ ಕಡೆ ನೋಡ್ದ. ನಾನು ಪಾತ್ರೆ ತೊಳೆಯೋಕೆ ಬಗ್ಗಿದೆ.

ಜನ ಉಳಿಸಿದ್ದು ಅವನೇ ಅಂತ ಎಲ್ಲರೂ ಒಪ್ಪಿದ್ರು. ಅವನನ್ನ ಇಟ್ಕೊಳ್ಳೋಕಾಗಲ್ಲ ಅಂತಾನೂ ಎಲ್ಲರೂ ಒಪ್ಪಿದ್ರು. ಎರಡೂ ನಿಜವೇ, ಅದಕ್ಕೇ ನನಗೆ ಯಾರನ್ನ ಬೈಯ್ಯಬೇಕು ಅಂತ ತಿಳೀಲಿಲ್ಲ. ಸಂಜೆ ಶ್ರೀರಾಮ್ ಸಾರ್ ನಮ್ಮನೆಯವರ ಬೆನ್ನು ತಟ್ಟಿ, "ಒಳ್ಳೆ ಟೈಮಿಗೆ ಆಂಟೆನಾ ಹಾಕ್ಸಿದ್ರಿ ಯೋಗಾನಂದ. ಹಳೇದಾಗಿದ್ರೆ ಮಾತು ಇಷ್ಟು ಸ್ಪಷ್ಟವಾಗಿ ಬರ್ತಿತ್ತಾ?" ಅಂದ. ನಮ್ಮನೆಯವರು ಅವತ್ತು ರಾತ್ರಿ ಊಟ ಮಾಡಲಿಲ್ಲ. "ನೀನು ಹೇಳಿದಾಗ ಕೇಳ್ಬೇಕಿತ್ತು" ಅಂತ ಒಂದೇ ಮಾತು ಅಂದ್ರು. ಆಗ ಹಾರ್ನಿಂದು, ಲೈಟಿಂದು, ಎಲ್ಲಾ ಬಿಡಿಸಿ ಹೇಳ್ದೆ.

ಮಾರನೇ ದಿನ ದುಂಡಪ್ಪ ಹೆಲ್ಮೆಟ್, ಸೆಟ್ ಒಪ್ಪಿಸೋಕೆ ಬಂದ. ಅವನ ಜಾಗಕ್ಕೆ ಹೊಸಬ ಇನ್ನೂ ಬಂದಿರಲಿಲ್ಲ, ಸೆಟ್ಟನ್ನ ನಮ್ಮನೆಯವರೇ ಇಸ್ಕೊಂಡ್ರು. ಕೊಡೋ ಮೊದಲು ಅವನು ಅಂಗಿ ತುದೀಲಿ ಅದನ್ನ ಒರೆಸ್ದ, ಆಂಟೆನಾ ಪೂರ್ತಿ ಒರೆಸ್ದ. ನಾನು ಟೀ ಕೊಟ್ಟೆ. ಅವನ ಎದುರಿಗೆ ನಿಂತು, ನಿಧಾನವಾಗಿ, ತುಟಿ ಕಾಣೋ ಹಂಗೆ, "ಈ ಕಡೆ ಬರ್ತಾ ಇರಿ ದುಂಡಪ್ಪಣ್ಣ" ಅಂದೆ.

"ಬರ್ತೀನವ್ವ" ಅಂದ. ಟೀ ಅರ್ಧಕ್ಕೇ ಇಟ್ಟ. ಬುತ್ತಿ ಚೀಲ ಹೆಗಲಿಗೆ ಹಾಕ್ಕೊಂಡು ಗೇಟ್ ದಾಟಿದ. ಒಂದು ಸಲಾನೂ ಮೇಲೆ ನೋಡಲಿಲ್ಲ.

ಅವನು ರೋಡಿನ ಮಧ್ಯದ ಕಟ್ಟೆ ತಲುಪಿರಬೇಕು, ಮೇಲಿಂದ ಹಾರ್ನ್ ಬಂತು. ಒಂದು. ಸ್ವಲ್ಪ ಬಿಟ್ಟು, ಇನ್ನೊಂದು.

ಎರಡು.

ಹಿಂದಿನ ಮನೆ ಬಾಲ್ಕನಿಗೆ ವೆಂಕಟಸ್ವಾಮಿ ಬಂದ್ರು. ಸೈಟಲ್ಲಿ ಈ ಸಲ ಎಲ್ಲರೂ ತಲೆ ಎತ್ತಿದ್ರು. ಆ ಕಡೆ ಈ ಕಡೆ ಬಸ್ಸು ಆಟೋ ನುಗ್ತಾ ಇರೋ ರೋಡಲ್ಲಿ ದುಂಡಪ್ಪ ನಿಂತುಬಿಟ್ಟ. ಅದು ಅವನಿಗೆ ಕೇಳಿತ್ತು. ಹಿಂದೆ ತಿರುಗಲಿಲ್ಲ. ಬಲಗೈ ತಲೆ ಮೇಲಕ್ಕೆ ಎತ್ತಿ, ಅಂಗೈ ಕೆಳಗೆ ಮಾಡಿ, ಮೆಲ್ಲಗೆ, ಮೆಲ್ಲಗೆ ಇಳಿಸ್ದ. ಸಾವಕಾಶ ಇಳಸು ಅಂತ ದಿನಾ ತೋರಿಸ್ತಿದ್ದನಲ್ಲ, ಅದೇ ಸನ್ನೆ. ಆಮೇಲೆ ಆ ಕಡೆ ದಾಟಿ ಬಸ್ ಸ್ಟಾಪಿನ ಜನದಲ್ಲಿ ಸೇರ್ಕೊಂಡ.

ಶ್ರೀರಾಮ್ ಸಾರ್ ಓಡಿ ಬಂದ. "ಏನಾಯ್ತು? ಯಾಕೆ ಹಾರ್ನ್ ಹೊಡೆದ ಅವನು? ಎರಡು ಸಲ ಯಾಕೆ?"

ಎರಡು ಅಂದ್ರೆ ಬೇಡ ಅಂತ ಗೊತ್ತಿದ್ದದ್ದು ಅಲ್ಲಿ ನನಗೂ ನನ್ನ ಗಂಡನಿಗೂ ಮಾತ್ರ. ಹೇಳಿದ್ರೆ, ಅಳಿಯನಿಗೆ ಎಲ್ಲಾ ಗೊತ್ತಿತ್ತು ಅಂತ ಹೇಳಿದಂಗೆ. "ಹದ್ದು ಸಾರ್" ಅಂದೆ. "ಆ ಗೂಡಿನ ಹತ್ರ ಬಂದು ಕೂರ್ತವೆ, ದರಿದ್ರದವು. ಓಡ್ಸೋಕೆ ಹೊಡೆದಿರ್ತಾನೆ."

ಅವನು ನಂಬದೆ ನಮ್ಮನೆಯವರ ಕಡೆ ತಿರುಗಿದ. ಜನ್ಮದಲ್ಲಿ ಒಂದು ಸುಳ್ಳು ನೆಟ್ಟಗೆ ಹೇಳೋಕೆ ಬಾರದ ಮನುಷ್ಯ, ಸೆಟ್ಟನ್ನ ಎದೆ ಹತ್ರ ಹಿಡ್ಕೊಂಡು, "ಹೌದು ಸಾರ್. ಹದ್ದು ಜಾಸ್ತಿ ಆಗಿವೆ" ಅಂದ್ರು.

ಆಗ ಅವರ ಕೈಲಿದ್ದ ಸೆಟ್ಟಲ್ಲಿ ಹಸಿರು ಲೈಟ್ ಹತ್ತಿತು. ಮಾತು ಬರಲಿಲ್ಲ. ಅಮರೇಶ ಮೇಲೆ ಬಟನ್ ಒತ್ಕೊಂಡು ಅಳ್ತಾ ಇದ್ದ. ಮೂಗು ಎಳ್ಕೊಂಡಿದ್ದು, ಉಸಿರು ಸಿಗದೆ ನಿಲ್ಲಿಸಿದ್ದು, ಮತ್ತೆ ಶುರು ಮಾಡಿದ್ದು, ಪ್ರತಿಯೊಂದೂ ನಮ್ಮ ಪಕ್ಕದಲ್ಲೇ ನಿಂತು ಅತ್ತಂಗೆ ಬರ್ತಿತ್ತು. ಖರಖರ ಅನ್ನೋದು ಚೂರೂ ಇರಲಿಲ್ಲ. ನಮ್ಮನೆಯವರಿಗೆ ಅದನ್ನ ಆಫ್ ಮಾಡೋಕೂ ಕೈ ಬರಲಿಲ್ಲ, ನಿಂತು ಕೇಳೋಕೂ ಆಗಲಿಲ್ಲ. "ಮಾವ" ಅಂತ ಒಂದೇ ಸಲ ಅಂದ ಆ ಹುಡುಗ. ಯಾರಿಗೆ ಹೇಳಿದನೋ ಆತ ಇಲ್ಲೇ ಸೆಟ್ ಹಿಡ್ಕೊಂಡು ನಿಂತಿದ್ರೂ ಅದು ಅವನಿಗೆ ಕೇಳ್ತಿರಲಿಲ್ಲ.

ಶ್ರೀರಾಮ್ ಸಾರ್ ತನ್ನ ಬೂಟು ನೋಡ್ತಾ ನಿಂತಿದ್ದ. ಆಮೇಲೆ ನನ್ನ ಹತ್ರ ಒಂದು ಟೀ ಕೇಳ್ದ. ಹದ್ದಿನ ವಿಷಯ ಮತ್ತೆ ಎತ್ತಲಿಲ್ಲ.